ಸಾವಿರ ತೂತಿನ ತಾಂಬೂಲ

ಕಲ್ಯದ ಚೆಲುವಯ್ಯನ ಮನೆಗೆ ಬೀಗರ ಕಡೆಯಿಂದ ತಾಂಬೂಲ ಬರುತ್ತಿದೆ ಎಂಬ ಸುದ್ದಿ ಊರಲ್ಲಿ ಹರಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೀಗರು ತಾಂಬೂಲ ಕಳಿಸುವುದರಲ್ಲಿ ವಿಶೇಷವೇನಿದೆ? ಒಂದಿಷ್ಟು ಎಲೆ, ಅಡಿಕೆ, ತೆಂಗಿನಕಾಯಿ, ಮನಸ್ಸು ದೊಡ್ಡದಾಗಿದ್ದರೆ ಒಂದು ರವಿಕೆ ಬಟ್ಟೆ. ಆದರೆ ಆ ತಾಂಬೂಲ ಟೆಂಪೋದಲ್ಲಿ ಬಂತು, ಇಳಿಸುವುದಕ್ಕೆ ಗಟ್ಟಿ ಆಳುಗಳೇ ಬೇಕಾದರು ಎಂದು ತಿಳಿದ ಮೇಲೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಚೆಲುವಯ್ಯನ ಹಿತ್ತಲಿಗೆ ಬಂದು ನಿಂತರು.

ಬಂದದ್ದು ಟ್ರ್ಯಾಂಪೊಲಿನ್. ಹಾರೋಹಳ್ಳಿಯ ಬೀಗ ನಂಜುಂಡಯ್ಯ ಫೋನಿನಲ್ಲಿ ಆ ಹೆಸರನ್ನು ತನಗೆ ತಿಳಿದಂತೆ ಹೇಳಿದ್ದ. ಚೆಲುವಯ್ಯನ ಹೆಂಡತಿ ಮಾಯಮ್ಮ ತನಗೆ ಕೇಳಿದಂತೆ ಕೇಳಿಸಿಕೊಂಡಿದ್ದಳು. ನಡುದಾರಿಯಲ್ಲಿ ಅದು ತಾಂಬೂಲವಾಯಿತು. ಆಮೇಲೆ ಎಷ್ಟು ಜನ ತಿದ್ದಿದರೂ ಊರಿನ ಬಾಯಲ್ಲಿ ಅದು ತಾಂಬೂಲವಾಗಿಯೇ ಉಳಿಯಿತು.

ಕಬ್ಬಿಣದ ದೊಡ್ಡ ಬಳೆ, ಬಳೆಗೆ ಕಾಲುಗಳು, ಬಳೆಯ ಸುತ್ತ ಸ್ಪ್ರಿಂಗುಗಳು, ಸ್ಪ್ರಿಂಗಿಗೆ ಎಳೆದು ಕಟ್ಟಿದ ಕರಿ ಬಟ್ಟೆ. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಅದರ ಸುತ್ತ ಒಂದು ಸುತ್ತು ಬಂದು, “ರಾಕ್ಷಸ್ರ ಮನೆ ಜರಡಿ ಇದ್ದಂಗೈತಲ್ಲ ಮಾಯಕ್ಕ,” ಎಂದಳು.

ನಂಜುಂಡಯ್ಯನದು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗುಜರಿ ಕಾಂಟ್ರಾಕ್ಟು. ಫ್ಯಾಕ್ಟರಿಗಳು ಎದ್ದಷ್ಟೂ ಅವನ ಶೆಡ್ಡು ಉದ್ದವಾಗುತ್ತಿತ್ತು. ಅವು ಬೇಡವೆಂದದ್ದೆಲ್ಲ ಅವನಿಗೆ ಬೇಕು. ಯಂತ್ರ ಕೂರಿಸಲು ಹೊರದೇಶದಿಂದ ಸಂಸಾರ ಸಮೇತ ಬಂದಿದ್ದ ಒಬ್ಬ ಸಾಹೇಬ, ಕೆಲಸ ಮುಗಿಸಿ ಹೊರಡುವಾಗ, ತನ್ನ ಮಕ್ಕಳು ಕುಣಿಯುತ್ತಿದ್ದ ಈ ವಸ್ತುವನ್ನು ಬಾಡಿಗೆ ಮನೆಯ ಹಿಂದೆ ಬಿಟ್ಟು ಹೋದ. ನಂಜುಂಡಯ್ಯ ಅದನ್ನು ಹಳೇ ಕಬ್ಬಿಣದ ರಾಶಿಗೆ ಹಾಕುವುದರಲ್ಲಿದ್ದ. ಅಷ್ಟರಲ್ಲಿ ಮೊಮ್ಮಗಳು ಧನುಶ್ರೀ ಅದರ ಮೇಲೆ ಹತ್ತಿ ಒಂದು ಸಲ ಎಗರಿದಳು. ಆಮೇಲೆ ಅವಳನ್ನು ಇಳಿಸುವುದೇ ಒಂದು ಪಂಚಾಯ್ತಿಯಾಯಿತು. ಆದರೆ ನಂಜುಂಡಯ್ಯನ ಲೇಔಟಿನ ಮನೆಗೆ ಹಿತ್ತಲೆಂದರೆ ಒಂದು ಸೀರೆ ಒಣಹಾಕುವಷ್ಟು ಸಂದಿ. ಅದಕ್ಕೇ ಅದು ಟೆಂಪೋ ಹತ್ತಿ ಕಲ್ಯಕ್ಕೆ ಬಂದದ್ದು.

ಧನುಶ್ರೀ ಚೆಲುವಯ್ಯನಿಗೂ ಮೊಮ್ಮಗಳೇ. ಅವನ ಮಗಳು ಭಾನುಪ್ರಿಯ, ನಂಜುಂಡಯ್ಯನ ಮಗ ಜಯಕುಮಾರನ ಹೆಂಡತಿ. ಗಂಡಹೆಂಡಿರಿಬ್ಬರೂ ಫ್ಯಾಕ್ಟರಿಗೆ ಹೋಗುವವರು. ಮಗು ಬೆಳೆದದ್ದು ‘ಹಾರೋಹಳ್ಳಿ ತಾತ’ನ ತೊಡೆಯ ಮೇಲೆ. ‘ಕಲ್ಯ ತಾತ’ ಎಂದರೆ ಅವಳಿಗೆ ಹಬ್ಬದಲ್ಲಿ ಕಾಣಿಸಿಕೊಳ್ಳುವ ಒಬ್ಬ ನೆಂಟ. ಹಿಂದೆ ಬಂದಾಗಲೆಲ್ಲ ಅವಳು ಮಧ್ಯಾಹ್ನದವರೆಗೆ ತಡೆದುಕೊಳ್ಳುತ್ತಿದ್ದಳು. ಟಿವಿಯಲ್ಲಿ ಕಾರ್ಟೂನ್ ಬರುವುದಿಲ್ಲ, ಬಚ್ಚಲು ಹೊರಗಡೆ ಇದೆ, ಸಾರು ಖಾರ. ಸಂಜೆಯ ಹೊತ್ತಿಗೆ ತುಟಿ ಉಬ್ಬುತ್ತಿತ್ತು. “ಮನೆಗೆ ಹೋಗಣ.” ಚೆಲುವಯ್ಯ ಬಸ್ಸಿನವರೆಗೆ ಎತ್ತಿಕೊಂಡು ಹೋಗಿ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿರುತ್ತಿದ್ದ. “ಮಗೀಗೆ ಇನ್ನೂ ತಿಳುವಳ್ಕೆ ಬಂದಿಲ್ಲ,” ಎಂದು ಮನೆಗೆ ಬಂದು ಹೇಳುತ್ತಿದ್ದ. ಅಂದು ಅವನ ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿಯುತ್ತದೆಂದು ಗೊತ್ತಿದ್ದ ಮಾಯಮ್ಮ ಮೊದಲೇ ಸಣ್ಣದಾಗಿ ಕಟ್ಟಿರುತ್ತಿದ್ದಳು.

ತಾಂಬೂಲ ಬಂದ ವರ್ಷದ ದೀಪಾವಳಿಯಲ್ಲಿ ಅದೆಲ್ಲ ತಲೆಕೆಳಗಾಯಿತು. ಮಗು ಎದ್ದೊಡನೆ ಹಿತ್ತಲಿಗೆ ಓಡಿತು. ಎಗರಿತು, ಬಿತ್ತು, ಎಗರಿತು. ಹಸಿವಾಗಿ ಬಂದು ಖಾರದ ಸಾರನ್ನೇ ಸುರಿಸಿಕೊಂಡು ತಿಂದಿತು. ಟಿವಿ ಮನೆಯಲ್ಲಿ ಒಂದಿದೆ ಎಂಬುದನ್ನೇ ಮರೆಯಿತು. “ತಾತ, ನೀನೂ ಬಾ,” ಎಂದು ದಿನಾ ಕರೆಯಿತು. ಚೆಲುವಯ್ಯ ಸೊಂಟ ಮುಟ್ಟಿಕೊಂಡು, “ನಾನು ಎಗರುದ್ರೆ ಮೇಲೆ ಹೋದೋನು ಮೇಲೇ ಉಳ್ಕತೀನಿ ಕಣವ್ವ,” ಎನ್ನುತ್ತಿದ್ದ. ಮೇಲೆ ಹತ್ತಲಿಲ್ಲ, ನಿಜ. ಆದರೆ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, ಮೊಮ್ಮಗಳ ಎರಡು ಜಡೆ ಹುಣಸೆ ಮರದ ಎತ್ತರಕ್ಕೆ ಹಾರಿ ಇಳಿಯುವುದನ್ನು ನೋಡುತ್ತ ಹೊಲದ ದಾರಿಯನ್ನೇ ಮರೆತ.

ರಜ ಮುಗಿದು ಹೊರಡುವ ದಿನ ಮಗು ಅವನ ಗಲ್ಲ ಹಿಡಿದು ಹೇಳಿತು: “ತಾತ, ಇದು ಹಿಂಗೇ ಇರ್ಬೇಕು. ಕ್ರಿಸ್‌ಮಸ್ ರಜಕ್ಕೆ ಬತ್ತೀನಿ. ಹಾಳಾಗಿದ್ರೆ ಅವತ್ತೇ ವಾಪಸ್ ಹೋಗ್ಬುಡ್ತೀನಿ.”

ಚೆಲುವಯ್ಯ ಹಸು ಮಾರುವಾಗ ಕೈ ಹಿಡಿದು ಮಾತು ಕೊಡುವಂತೆ ಮಾತು ಕೊಟ್ಟ.

ಮಾತು ಕೊಡುವಾಗ ಅವನು ಮಾಗಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಗು ಹೋದ ವಾರವೇ ಸೈಕ್ಲೋನ್ ಮಳೆ ಹಿಡಿಯಿತು. ಧೋ ಎಂದು ಸುರಿದು ಹೋಗುವ ಮಳೆಯಲ್ಲ, ಕರೆಯದೆ ಬಂದ ನೆಂಟನ ಹಾಗೆ ಜಗಲಿ ಬಿಟ್ಟು ಏಳದ ಮಳೆ. ಚೆಲುವಯ್ಯ ರೇಷ್ಮೆ ಹುಳುವಿನ ಮನೆಗೆ ಕಟ್ಟಿದ್ದ ನೀಲಿ ಟಾರ್ಪಾಲು ಬಿಚ್ಚಿ ತಾಂಬೂಲಕ್ಕೆ ಹೊದಿಸಿದ. ಬೆಳಗ್ಗೆ ನೋಡಿದರೆ ನಡುವೆ ಬಟ್ಟೆ ಜಗ್ಗಿ, ಟಾರ್ಪಾಲಿನ ತುಂಬ ನೀರು ನಿಂತು, ಕರು ನಿಶ್ಚಿಂತೆಯಿಂದ ಕತ್ತು ಚಾಚಿ ಕುಡಿಯುತ್ತಿತ್ತು.

“ನಿಮ್ಮ ತಾತನ ಕಾಲದಿಂದ ನಮ್ಮನೇಗೆ ಒಂದು ಕೆರೆ ಇರ್ಲಿಲ್ಲ,” ಎಂದಳು ಮಾಯಮ್ಮ. “ಅದೂ ಆಯ್ತು.”

ನೀರು ಚೆಲ್ಲಿ, ನಡುವೆ ಕೆಳಗಿನಿಂದ ಒಂದು ಗೂಟ ಕೊಟ್ಟು ಟಾರ್ಪಾಲನ್ನು ಗುಡಾರದ ಹಾಗೆ ಎತ್ತಿ ನಿಲ್ಲಿಸಿದ. ಸಾವನದುರ್ಗದ ಕಡೆಯಿಂದ ಗಾಳಿ ಬೀಸಿ ಗುಡಾರ ವೆಂಕಟಲಕ್ಷ್ಮಮ್ಮನ ಅವರೆ ಸಾಲಿನ ಮೇಲೆ ಹೋಗಿ ಕೂತಿತು. ಅವನು ಅದನ್ನು ತಂದು, ರಾಗಿ ಮೆದೆಗೆ ಹಗ್ಗ ಬಿಗಿದು ಕಲ್ಲು ಇಳಿಬಿಡುವ ಹಾಗೆ ಸುತ್ತಲೂ ಕಲ್ಲು ಕಟ್ಟಿದ. ಮಳೆ ನಿಂತಿತು. ಆಮೇಲೆ ಇಬ್ಬನಿ ಶುರುವಾಯಿತು. ಸ್ಪ್ರಿಂಗಿನ ಮೇಲೆ ಕೆಂಪಗೆ ತುಕ್ಕಿನ ಚುಕ್ಕೆ ಕಂಡಿತು. ಅವನು ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ತಿಕ್ಕಿ, ಗಾಡಿಯ ಅಚ್ಚಿಗೆ ಹಾಕುವಂತೆ ಒಂದೊಂದಕ್ಕೂ ಹರಳೆಣ್ಣೆ ಸವರಿದ.

“ನನ್ ಮೊಣಕಾಲಿಗೆ ಎಣ್ಣೆ ಹಚ್ಚಿ ಅಂದ್ರೆ ಮಗ್ಗುಲಾಗ್ತೀರಾ,” ಎಂದಳು ಮಾಯಮ್ಮ.

“ನಿನ್ ಮೊಣಕಾಲ್ ನೋಡಕ್ಕೆ ಮೊಮ್ಮಗ್ಳು ಹಾರೋಹಳ್ಳಿಯಿಂದ ಬರಲ್ಲ ಕಣಮ್ಮಿ.”

ಇನ್ನು ಕೋತಿಗಳು. ಬಿಸಿಲು ಬಂದ ಹೊತ್ತಿನಲ್ಲಿ ಬಟ್ಟೆ ಆರಲೆಂದು ಟಾರ್ಪಾಲು ತೆಗೆದಿಟ್ಟರೆ ಸಾಕು, ಕಲ್ಯದ ಬೆಟ್ಟದಿಂದ ಕೋತಿಗಳ ಸಂಸಾರ ಇಳಿದು ಬರುತ್ತಿತ್ತು. ಮರಿಗಳು ಹುಣಸೆ ಕೊಂಬೆಯಿಂದ ತಾಂಬೂಲಕ್ಕೆ ಬೀಳುವುದು, ತಾಂಬೂಲದಿಂದ ಕೊಂಬೆಗೆ ಹಾರುವುದು. ದೊಡ್ಡ ಗಡವ ಮಾತ್ರ ಯಜಮಾನನಂತೆ ನಡುವೆ ಕೂತು, ಕೂತಲ್ಲೇ ಮೇಲೆ ಕೆಳಗೆ ಆಡುತ್ತ ಹೇನು ನೋಡಿಸಿಕೊಳ್ಳುತ್ತಿತ್ತು. ಚೆಲುವಯ್ಯ ಕವಣೆ ಹಿಡಿದು ಕಾದ. ಊರವರು ರಾಗಿ ಹೊಲಕ್ಕೆ ಹಕ್ಕಿ ಕಾಯುತ್ತಿದ್ದರೆ ಚೆಲುವಯ್ಯ ತಾಂಬೂಲ ಕಾಯುತ್ತಿದ್ದಾನೆ ಎಂಬ ಮಾತು ಮಾಗಡಿ ಸಂತೆಯವರೆಗೂ ಹೋಯಿತು.

ಇಷ್ಟೆಲ್ಲ ಆದಮೇಲೆ ಅವನು ಬೀಗನಿಗೆ ಫೋನು ಮಾಡಿದ. ಅತ್ತ ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು.

“ಬೀಗ್ರೇ, ಚಳಿಗಾಲ್ದಲ್ಲಿ ಇದ ಎಂಗೆ ನೋಡ್ಕಬೇಕು?”

“ಏನಿಲ್ಲ ಬೀಗ್ರೇ,” ಎಂದು ನಂಜುಂಡಯ್ಯ ತಗಡಿನ ಸದ್ದನ್ನು ಮೀರಿಸಿ ಕೂಗಿದ. “ಕಬ್ಬಿಣ ತುಕ್ಕು ಹಿಡೀಬಾರ್ದು. ಗಾಳಿಗೆ ಹಾರ್‌ಬಾರ್ದು. ಎಲ್ಲಕ್ಕಿಂತ ಮುಖ್ಯ ಬಟ್ಟೆ. ತೂತು ಬೀಳ್ಬಾರ್ದು! ಒಂದು ತೂತು ಕಂಡ್ರೂ ತಡ ಮಾಡ್ಬ್ಯಾಡಿ, ಮುಚ್ಬುಡಿ! ಒಂದು ತೂತು ಬುಟ್ರೆ ಎಲ್ಲಾ ಹರಕಂಡು ಮಗಾ ಕೆಳೀಕ್ಕೆ ಬಿದ್ದೋಯ್ತದೆ!”

ಮಗು ಕೆಳಗೆ ಬೀಳುತ್ತದೆ ಎಂಬುದು ಚೆಲುವಯ್ಯನ ಎದೆಯಲ್ಲಿ ಕೂತುಬಿಟ್ಟಿತು. ಫೋನು ಇಟ್ಟವನೇ ಹಿತ್ತಲಿಗೆ ಹೋಗಿ ಟಾರ್ಪಾಲು ತೆಗೆದ. ಮೇಲಿನಿಂದ ನೋಡಿದ, ಏನೂ ಇಲ್ಲ. ಸಮಾಧಾನವಾಗದೆ ತಾಂಬೂಲದ ಅಡಿಗೆ ನುಸುಳಿ, ಅಂಗಾತ ಮಲಗಿ, ಬಟ್ಟೆಯ ಮೂಲಕ ಸೂರ್ಯನ ಕಡೆ ನೋಡಿದ.

ಕರಿ ಬಟ್ಟೆಯ ತುಂಬ ಚುಕ್ಕೆ ಚುಕ್ಕೆ ಬೆಳಕು. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಎರಚಿದ ಹಾಗೆ. ಒಂದಲ್ಲ, ಎರಡಲ್ಲ. ಬಟ್ಟೆ ಇದ್ದದ್ದೇ ತೂತಿನಿಂದ.

“ಮಾಯೀ!” ಎಂದು ಅವನು ಅಲ್ಲಿಂದಲೇ ಕೂಗಿದ ರೀತಿಗೆ ಮಾಯಮ್ಮ ಹಾವೆಂದುಕೊಂಡು ಕೋಲು ತಂದಳು.

ಅವಳೂ ಕಷ್ಟಪಟ್ಟು ಬಗ್ಗಿ ನೋಡಿದಳು. “ಅಯ್ಯೋ ಶಿವ್ನೇ. ಸಾವಿರ ತೂತು.”

“ಈಗ ಗೊತ್ತಾಯ್ತು ನಂಗೆ,” ಎಂದ ಚೆಲುವಯ್ಯ ಮಲಗಿದಲ್ಲಿಂದಲೇ. “ಆ ಸಾಯೇಬ ಯಾಕೆ ಬುಟ್ಟೋದ? ತೂತಾಗಿತ್ತು, ಬುಟ್ಟೋದ. ಬೀಗ ನೋಡ್ದೆ ತಂದ, ನೋಡ್ದೆ ಕಳಿಸ್ದ.”

“ಬೀಗ್ರಿಗೆ ಒಂದು ಫೋನ್ ಮಾಡಿ ಕೇಳಿ ಮತ್ತೆ.”

“ಏನಂತ ಕೇಳ್ಳಿ? ‘ನೀವು ಕಳಿಸಿದ್ದು ತೂತಿನ ಮಾಲು’ ಅಂತಂದ್ರೆ ಅವ್ರ ಮುಖ ಎಲ್ಲಿ ಮಡಿಕ್ಕತಾರೆ? ಇಲ್ಲಾಂದ್ರೆ ತಿರುಗ್ಸಿ ನಂಗೇ ಅಂತಾರೆ, ‘ನಾನು ಕಳಿಸ್ದಾಗ ನೆಟ್ಟಗಿತ್ತು, ನೀವು ತೂತು ಮಾಡ್ಬುಟ್ಟ್ರಿ’ ಅಂತ. ಯಾವ್ ಕಡೆಯಿಂದ ಬಂದ್ರೂ ಮಾತು ಬರೋದು ನನ್ ಮೇಲೇನೆ. ಬ್ಯಾಡ. ಸದ್ದಿಲ್ದಂಗೆ ಮುಚ್ಬುಡಾಣ.”

ಮಗ ಮನೋಹರ ಬಿಡದಿಯ ಫ್ಯಾಕ್ಟರಿಗೆ ಹೋಗುವವನು. ಅವನಿಗೆ ಮನೆ ಎಂದರೆ ಮಲಗುವ ಜಾಗ. ಆ ಭಾನುವಾರ ಅವನನ್ನು ಎಬ್ಬಿಸಿ ಕೇಳಿದಾಗ, ಹೊದಿಕೆಯೊಳಗಿನಿಂದಲೇ, “ಅಪ್ಪ, ಅದು ಹಂಗೇ ಇರ್ಬೇಕೇನೋ,” ಎಂದು ಮಗ್ಗುಲು ಬದಲಿಸಿದ. ಸರಿಯಾದ ಮಾತನ್ನು ಕಣ್ಣು ಮುಚ್ಚಿಕೊಂಡು ಹೇಳಿದರೆ ಯಾರು ಕೇಳುತ್ತಾರೆ?

ಸೂಜಿಯಲ್ಲಿ ಮುಚ್ಚುವ ತೂತುಗಳಲ್ಲ ಅವು. ಆದರೆ ತೂತು ಮುಚ್ಚುವುದು ಕಲ್ಯದ ಹೆಂಗಸರಿಗೆ ಹೊಸದೇ? ಮೊರ ಹಳೆಯದಾಗಿ ಕಾಳು ಸೋರತೊಡಗಿದರೆ, ಮಂಕರಿ ಸಂದಿ ಬಿಟ್ಟರೆ, ರೇಷ್ಮೆ ಹುಳುವಿನ ತಟ್ಟೆ ಸಡಿಲವಾದರೆ ಎಲ್ಲರೂ ಮಾಡುವುದು ಒಂದೇ ಕೆಲಸ, ಸಗಣಿ ಬಳಿಯುವುದು. ವೆಂಕಟಲಕ್ಷ್ಮಮ್ಮ ಅದರಲ್ಲಿ ಎತ್ತಿದ ಕೈ. ಗುಟ್ಟು ಹೇಳಿ ಅವಳನ್ನು ಕರೆತಂದರು. ಅವಳು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಬರೀ ಸಗಣಿ ನಿಲ್ಲಲ್ಲ. ಮೆಂತ್ಯ ನೆನೆಹಾಕಿ ರುಬ್ಬಬೇಕು, ಹುಣಸೆ ಬೀಜದ ಅಂಟು ಕಾಯಿಸ್ಬೇಕು, ಹಳೇ ಪೇಪರ್ ಕೊಳೆಹಾಕ್ಬೇಕು. ಹಂಗ್ ಮಾಡುದ್ರೆ ನಿಮ್ ಮೊಮ್ಮಗ್ಳ ಮೊಮ್ಮಗ್ಳ ಕಾಲಕ್ಕೂ ಐತೆ,” ಎಂದಳು.

ಹಿತ್ತಲಲ್ಲಿ ಮದುವೆ ಮನೆಯ ಸಡಗರವೆದ್ದಿತು. ಒಬ್ಬರು ರುಬ್ಬಿದರು, ಒಬ್ಬರು ಕಲಸಿದರು. ಚೆಲುವಯ್ಯ ನಾಟಿ ಹಸುವಿನ ಸಗಣಿಯೇ ಆಗಬೇಕೆಂದು ಹಟ ಹಿಡಿದು ಮೂರು ಬೀದಿ ತಿರುಗಿ ತಂದ. ಕಣ ಸಾರಿಸುವಂತೆ ಅಂಗೈಯಲ್ಲಿ ಅರ್ಧ ಚಂದ್ರ ಬಿಡಿಸುತ್ತ ಬಳಿದರು. ಒಣಗಿತು. ಅಡಿಯಲ್ಲಿ ಮಲಗಿ ನೋಡಿದರೆ ಇನ್ನೂ ಅಲ್ಲಲ್ಲಿ ನಕ್ಷತ್ರ. ಇನ್ನೊಂದು ಕೈ ಬಳಿದರು. ಒಣಗಿದ ಮೇಲೆ, ಮಗು ಬೀಳುವ ಮಾತು ನೆನಪಾಗಿ, ಚೆಲುವಯ್ಯ ಮತ್ತೊಂದು ಕೈ ಬಳಿಸಿದ. ಕಡೆಗೆ ಅಡಿಯಲ್ಲಿ ಮಲಗಿದರೆ ಗುಹೆಯೊಳಗೆ ಮಲಗಿದಂತಾಯಿತು. ಮೇಲೆ ಒಂದು ಕೊಡ ನೀರು ಸುರಿದ. ಅಷ್ಟೂ ನಿಂತಿತು, ಒಂದು ಹನಿ ಇಳಿಯಲಿಲ್ಲ. ಅವನು ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಮಾರನೆಯ ದಿನ ಕೋತಿಗಳು ಬಂದವು. ಒಂದು ಮರಿ ಕೊಂಬೆಯಿಂದ ತಾಂಬೂಲಕ್ಕೆ ಹಾರಿತು. ಬಿದ್ದಲ್ಲೇ ಕೂತಿತು. ಒಂದು ಸಲ ಕೆಳಗೆ ನೋಡಿತು, ಒಂದು ಸಲ ಚೆಲುವಯ್ಯನ ಮುಖ ನೋಡಿತು. ಗಡವ ಬಂದು ಕೈಯಿಂದ ತಟ್ಟಿ ಪರೀಕ್ಷೆ ಮಾಡಿತು. ಆಮೇಲೆ ಸಂಸಾರ ಪೂರ್ತಿ ಗೋಡೆ ಹತ್ತಿ, ಹಿಂದಕ್ಕೆ ತಿರುಗದೆ, ಬೆಟ್ಟದ ದಾರಿ ಹಿಡಿಯಿತು.

“ನೋಡ್ದಾ?” ಎಂದ ಚೆಲುವಯ್ಯ. “ಕೋತಿ ಕಾಟಾನೂ ತಪ್ತು.”

ಮಾಯಮ್ಮನಿಗೆ ಏನೋ ಸರಿ ಕಾಣಲಿಲ್ಲ. ಕೋತಿ ಸುಮ್ಮನೆ ಬಿಟ್ಟುಹೋಗುವ ಪ್ರಾಣಿಯಲ್ಲ. ಆದರೆ ಗಂಡ ಅಷ್ಟು ಖುಷಿಯಾಗಿದ್ದುದನ್ನು ನೋಡಿ ಒಲೆಯ ಕಡೆ ಹೋದಳು.

ಕ್ರಿಸ್‌ಮಸ್ ರಜ ಬಂತು. ಚೆಲುವಯ್ಯ ಬೆಳಗ್ಗೆಯೇ ಕ್ಷೌರ ಮಾಡಿಸಿಕೊಂಡು, ತಾಂಬೂಲದ ಸುತ್ತ ನೀರು ಚಿಮುಕಿಸಿ, ಒಗೆದ ಟಾರ್ಪಾಲು ಹೊದಿಸಿ, ಗಳಿಗೆಗೊಮ್ಮೆ ರಸ್ತೆಗೆ ಹೋಗಿ ನಿಂತು ಬಂದ. ನಂಜುಂಡಯ್ಯನ ವ್ಯಾನು ಬಂದು ನಿಂತಾಗ ಮೊದಲು ಇಳಿದದ್ದು ಅವನ ಹೊಟ್ಟೆ, ಆಮೇಲೆ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಅವನು. ನಂಜುಂಡಯ್ಯನ ದೇಹ ಅಂಥದ್ದು. ಅವನ ಶೆಡ್ಡಿನ ತಕ್ಕಡಿಗೆ ಅವನೇ ದೊಡ್ಡ ಮಾಲು ಎಂದು ಹಾರೋಹಳ್ಳಿಯವರು ನಗುತ್ತಿದ್ದರು. ಧನುಶ್ರೀ ಅವನ ತೋಳಿನಡಿ ನುಸುಳಿ ಓಡಿಬಂದಳು.

“ತಾತ, ಐತಾ?”

“ಐತೆ ಬಾರವ್ವ! ಹೊಸದ್ರಂಗೈತೆ!”

ಚೆಲುವಯ್ಯ ದೇವರ ಪರದೆ ಸರಿಸುವಂತೆ ಟಾರ್ಪಾಲು ಎಳೆದ. ಹಸಿರುಗಂದು ಬಣ್ಣದ, ನುಣ್ಣನೆಯ, ದೊಡ್ಡ ರೊಟ್ಟಿಯಂಥದು ಬಿಸಿಲಿಗೆ ಹೊಳೆಯಿತು. ಮಗು ಒಂದು ಗಳಿಗೆ ನಿಂತಿತು. “ಕಲರ್ ಚೇಂಜ್ ಮಾಡಿದ್ಯಾ?” ಎಂದು, ಚಪ್ಪಲಿ ಬಿಟ್ಟು, ಹತ್ತಿ, ಎರಡೂ ಕಾಲು ಜೋಡಿಸಿ ಎಗರಿತು.

ದಬ್.

ಎಗರಿದ್ದು ಅಲ್ಲೇ ಇಳಿಯಿತು. ಅಂಗಳದಲ್ಲಿ ಎಗರಿದರೂ ಅದಕ್ಕಿಂತ ಒಂದಿಷ್ಟು ಹೆಚ್ಚು ಏಳಬಹುದಿತ್ತು. ಮಗು ಮತ್ತೆ ಎಗರಿತು. ದಬ್. ಮೂರನೆಯ ಸಲ ಎಗರಲಿಲ್ಲ. ನಡುವೆ ನಿಂತು ಚೆಲುವಯ್ಯನನ್ನು ನೋಡಿತು, ಥೇಟು ಆ ಕೋತಿಮರಿ ನೋಡಿದ ಹಾಗೆ.

“ಬೌನ್ಸ್ ಆಗ್ತಿಲ್ಲ,” ಎಂದಳು. ತುಟಿ ಉಬ್ಬಿತು.

ನಂಜುಂಡಯ್ಯ ಹತ್ತಿರ ಬಂದು ಮೂಸಿದ. ಉಗುರಿನಿಂದ ಕೆರೆದ. “ಬೀಗ್ರೇ. ಇದು ಸಗಣಿ.”

“ಬರೀ ಸಗಣಿ ಅಲ್ಲ. ಮೆಂತ್ಯ ಐತೆ.”

“ಮೆಂತ್ಯ ಯಾಕೆ ಬೀಗ್ರೇ? ಇದೇನು ದೋಸೆನಾ?”

“ತೂತು ಮುಚ್ಚಕ್ಕೆ!” ಚೆಲುವಯ್ಯನಿಗೆ ಅಷ್ಟು ದಿನ ಹಿಡಿದಿಟ್ಟ ಮಾತು ನಿಲ್ಲಲಿಲ್ಲ. “ಹೇಳ್ಬಾರ್ದು ಅಂತಿದ್ದೆ, ಹೇಳ್ಬುಡ್ತೀನಿ. ನೀವು ಕಳಿಸಿದ್ದು ಸಾವಿರ ತೂತಿನ ಮಾಲು. ನಿಮ್ ಮರ್ಯಾದೆ ಉಳೀಲಿ ಅಂತ ತುಟಿ ಪಿಟಕ್ಕನ್ದಂಗೆ ಮುಚ್ಚಿಸ್ದೆ.”

“ಅದು ಇರೋದೇ ತೂತು ಕಣ್ರೀ! ಗಾಳಿ ಆಡ್ಲಿ ಅಂತ ನೇಯುವಾಗ್ಲೇ ಬುಟ್ಟಿರ್ತಾರೆ!”

“ಹಂಗಾದ್ರೆ ಫೋನಲ್ಲಿ ಯಾಕಂದ್ರಿ, ಒಂದು ತೂತು ಕಂಡ್ರೂ ಮುಚ್ಬುಡಿ ಅಂತ?”

“ಹರಿದಿರೋ ತೂತು ಅಂದಿದ್ದು!”

“ತೂತಲ್ಲಿ ಹರಿದಿರೋ ತೂತು, ಹರೀದಿರೋ ತೂತು ಅಂತ ಎರಡು ಜಾತಿ ಐತೆ ಅಂತ ನಂಗೆ ಯಾರ್ ಹೇಳವ್ರೆ?”

ಗೋಡೆಯಾಚೆ ವೆಂಕಟಲಕ್ಷ್ಮಮ್ಮನ ತಲೆ ಕಂಡಿತು. “ನಾನು ಬಳ್ದಿದ್ದು ಉದುರಲ್ಲ ಬುಡಿ,” ಎಂದು ಅವಳು ಧೈರ್ಯ ಹೇಳಿದಳು. ಅದು ನಿಜವೇ ಆಗಿತ್ತು. ಚೆಲುವಯ್ಯ ಪೊರಕೆಯಲ್ಲಿ ಬಡಿದ, ಕುಡುಗೋಲಿನ ಹಿಂಬದಿಯಲ್ಲಿ ಕೆರೆದ. ಪುಡಿ ಉದುರಿತೇ ಹೊರತು ಪದರ ಬಿಡಲಿಲ್ಲ. ನೀರು ಹಾಕಿದರೆ ಜಾರಿಕೊಂಡು ಹೋಯಿತು. ಸೊಂಟದ ಮಾತು ಮರೆತು ತಾನೇ ಮೇಲೆ ಹತ್ತಿ ಎಗರಿದ. ಕಡ್ಡಿಯಂಥ ಮನುಷ್ಯ, ದಬ್ ಎಂಬ ಸದ್ದು ಕೂಡ ಸರಿಯಾಗಿ ಬರಲಿಲ್ಲ.

ಧನುಶ್ರೀ ಇಳಿದು, ಚಪ್ಪಲಿ ಮೆಟ್ಟಿ, ನಂಜುಂಡಯ್ಯನ ಪಂಚೆಯ ಅಂಚು ಹಿಡಿದು ನಿಂತಳು. “ಹಾರೋಹಳ್ಳಿ ತಾತ, ಮನೆಗೆ ಹೋಗಣ.”

ಅವಳ ಬ್ಯಾಗು ಇನ್ನೂ ವ್ಯಾನಿನಲ್ಲೇ ಇತ್ತು. ಚೆಲುವಯ್ಯ ತಾಂಬೂಲದ ಮೇಲೆಯೇ ಕುಕ್ಕರುಗಾಲಿನಲ್ಲಿ ಕೂತ. ಮಳೆ, ಗಾಳಿ, ಇಬ್ಬನಿ, ಕೋತಿ, ಯಾವುದರಿಂದಲೂ ಹಾಳಾಗದ್ದನ್ನು ತಾನೇ ಕೂತು ಹಾಳು ಮಾಡಿದ್ದ. “ಹೋಗ್ಬನ್ನಿ,” ಎಂದ. ಮಾತು ಮಗುವಿಗೋ ಬೀಗನಿಗೋ ಎಂದು ತಿಳಿಯುವಂತಿರಲಿಲ್ಲ.

ಮಾಯಮ್ಮ ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡುತ್ತಿದ್ದುದು ಗಂಡನನ್ನೂ ಅಲ್ಲ, ಮೊಮ್ಮಗಳನ್ನೂ ಅಲ್ಲ, ಬೀಗನ ಹೊಟ್ಟೆಯನ್ನು. ಬೀಗನಿಗೆ ‘ನೀವು ದಪ್ಪಗಿದ್ದೀರಿ, ಹತ್ತಿ ತುಳಿಯಿರಿ’ ಎನ್ನುವುದು ಆಗುವ ಮಾತೇ? ಅವಳು ಒಳಗೆ ಹೋಗಿ ಜಮಖಾನ ತಂದಳು. ಗಂಡನನ್ನು ಇಳಿಸಿ, ತಾಂಬೂಲದ ನಟ್ಟನಡುವೆ ಅದನ್ನು ಹಾಸಿದಳು.

“ಅದೇನ್ ಬುದ್ಧಿ ನಿಮ್ದು,” ಎಂದು ಗಂಡನನ್ನು ಗದರಿದಳು. “ಬೀಗ್ರು ಬಂದು ಎಷ್ಟೊತ್ತಾಯ್ತು, ಕೂತ್ಕಳಿ ಅನ್ನೋರಿಲ್ಲ. ಬನ್ನಿ ಬೀಗ್ರೇ. ನಿಮಗೆ ತಕ್ಕ ಮಣೆ ಈ ಮನೇಲಿ ಇದೊಂದೇ. ಹತ್ತಿ ನಡುವ್ಕೆ ಕೂತ್ಕಳಿ, ಕಾಫಿ ತತ್ತೀನಿ. ಕುಡ್ಕಂಡು ಹೋಗೀರಂತೆ.”

ಜಮಖಾನ ಹಾಸಿ ಕರೆದ ಮೇಲೆ ಒಲ್ಲೆ ಎಂದರೆ ಬೀಗತನಕ್ಕೇ ಮುಖ ಕೆಟ್ಟೀತು. ನಂಜುಂಡಯ್ಯ ಮಗುವಿನ ಕೈ ಬಿಡಿಸಿ, ಕಲ್ಲಿನ ಮೇಲೆ ಕಾಲಿಟ್ಟು, ಉಸ್ಸೆಂದು ಹತ್ತಿ, ದರ್ಬಾರಿನಲ್ಲಿ ಕೂರುವವನಂತೆ ನಡುವೆ ಚಕ್ಕಳಮಕ್ಕಳ ಹಾಕಿ ಕೂತ.

ಚಟ್ ಎಂದಿತು.

“ಏನದು?” ಎಂದ ನಂಜುಂಡಯ್ಯ.

“ಏನಿಲ್ಲ, ಸುಮ್ಕೆ ಕೂತ್ಕಳಿ,” ಎಂದಳು ಮಾಯಮ್ಮ.

ಚಟ್, ಚಟಚಟ. ಹಪ್ಪಳದ ಡಬ್ಬಿಯ ಮೇಲೆ ಯಾರೋ ಕೂತ ಹಾಗೆ. ಅವನು ಗಾಬರಿಯಾಗಿ ಕೈಯೂರಿ ಏಳಲು ಹೋದ. ಅರ್ಧ ಎದ್ದವನು ಹಿಂದಕ್ಕೆ ಬಿದ್ದ. ಬಿದ್ದವನನ್ನು ತಾಂಬೂಲ ಮೇಲಕ್ಕೆ ಕಳಿಸಿತು. ಮೇಲೆ ಹೋದವನು ಇನ್ನೂ ಜೋರಾಗಿ ಇಳಿದ. ಸಗಣಿಯ ಹಕ್ಕಳೆಗಳು ಹಾರಿದವು. ಜಮಖಾನ ಒಂದು ಕಡೆ ಹೋಯಿತು, ಹೆಗಲ ಟವೆಲು ಒಂದು ಕಡೆ.

“ಹಿಡ್ಕಳಿ ಬೀಗ್ರೇ! ಹಿಡ್ಕಳಿ!” ಎಂದು ನಂಜುಂಡಯ್ಯ ಕೂಗಿದ.

ಚೆಲುವಯ್ಯ ಓಡಿಹೋಗಿ ಕೈಕೊಟ್ಟ. ಎಳೆಯಲು ಹೋದವನ ತೂಕವೆಷ್ಟು, ಎಳೆಸಿಕೊಳ್ಳುವವನ ತೂಕವೆಷ್ಟು! ಬೀಗ ಇಳಿದಾಗ ಅವನೂ ಬಳೆಯ ಮೇಲಿನಿಂದ ಒಳಗೆ ಹೋದ. ಬೀಗ ಏಳುವಾಗ ಅವನೂ ಎದ್ದ. ಒಬ್ಬ ಮೇಲಿದ್ದಾಗ ಇನ್ನೊಬ್ಬ ಕೆಳಗೆ. ನಡುವೆ ಮೆಂತ್ಯದ ಘಮ. ಧೂಳೆದ್ದು ಇಬ್ಬರೂ ಸಾಕಷ್ಟು ಹೊತ್ತು ಕಾಣಲೇ ಇಲ್ಲ, ಮಾತು ಮಾತ್ರ ಕೇಳುತ್ತಿತ್ತು.

“ಕೈ ಬುಡಿ ಬೀಗ್ರೇ!”

“ಬುಟ್ರೆ ಎಲ್ಲಿಗ್ ಹೋಗ್ತೀನೋ ಗೊತ್ತಿಲ್ಲ, ಬುಡಲ್ಲ!”

“ಅಯ್ಯಯ್ಯೋ, ಪಂಚೆ! ಪಂಚೆ!”

ಆಗ ಕೇಳಿತು ನಗು. ಧನುಶ್ರೀ ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕೂತು ನಗುತ್ತಿದ್ದಳು. ಉಸಿರು ಎಳೆದುಕೊಂಡು, “ಇನ್ನೊಂದ್ಸಲ! ತಾತಂದಿರಾ, ಇನ್ನೊಂದ್ಸಲ!” ಎಂದು ಕೂಗಿದಳು. ಗೋಡೆಯಾಚೆ ವೆಂಕಟಲಕ್ಷ್ಮಮ್ಮ ತನ್ನ ಕೆಲಸ ಚೂರುಚೂರಾಗುವುದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಲೇ ನಕ್ಕಳು.

ಇನ್ನೊಂದು ಸಲ ಎಂದದ್ದು ಎಷ್ಟು ಸಲವಾಯಿತೋ. ಮೊದಮೊದಲು ಬಿದ್ದು ಎದ್ದರು. ಆಮೇಲೆ ಎದ್ದು ಬಿದ್ದರು. ಕಡೆಕಡೆಗೆ, ಯಾರೂ ಹೇಳದಿದ್ದರೂ, ನಂಜುಂಡಯ್ಯ ಪಂಚೆ ಎತ್ತಿ ಕಟ್ಟಿಕೊಂಡು ತಾನಾಗಿಯೇ ಎಗರುತ್ತಿದ್ದ. ಮಾಯಮ್ಮ ತಂದ ಕಾಫಿ ಆರಿತು. “ಸಾಕು ಇಳೀರಿ, ಮಗೀಗೆ ಬುಡಿ,” ಎಂದು ಅವಳೇ ಕೋಲು ತೋರಿಸಬೇಕಾಯಿತು. ಇಳಿದಾಗ ಅವನ ಬಿಳಿ ಶರ್ಟು ಸಾರಿಸಿದ ಅಂಗಳದ ಬಣ್ಣಕ್ಕೆ ಬಂದಿತ್ತು.

ಬಟ್ಟೆಯ ಮೇಲೆ ಉಳಿದ ಚೂರುಗಳನ್ನು ಗುಡಿಸಿ, ಮಗುವನ್ನು ಮೇಲೆ ಬಿಟ್ಟರು. ಮೊದಲ ನೆಗೆತ ತಗ್ಗಾಗಿತ್ತು. ಎರಡನೆಯದರಲ್ಲಿ ಇನ್ನೊಂದಿಷ್ಟು ಧೂಳು ಹಾರಿತು. ಮೂರನೆಯದರಲ್ಲಿ ಎರಡು ಜಡೆ ಹುಣಸೆ ಮರದ ಕೊಂಬೆಯ ಮಟ್ಟಕ್ಕೆ ಹೋದವು. ಚೆಲುವಯ್ಯ ಕಲ್ಲಿನ ಮೇಲೆ ಕೂತ. ಅಡಿಯಲ್ಲಿ ನುಸುಳಿ ನೋಡಬೇಕೆನಿಸಿತು. ನೋಡಿದ. ನಕ್ಷತ್ರಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಇಷ್ಟು ತೂತು ಕಂಡು ಅವನಿಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

“ಬ್ಯಾಗ್ ತರ್ಲಾ ಮಗಾ, ಇಲ್ಲಾ ಹೊರ್ಡಣ್ವಾ?” ಎಂದು ನಂಜುಂಡಯ್ಯ ಕೇಳಿದ.

“ನೀನ್ ಹೋಗು ತಾತ,” ಎಂದಳು ಮಗು ಗಾಳಿಯಲ್ಲಿದ್ದಲ್ಲಿಂದಲೇ.

ನಂಜುಂಡಯ್ಯ ತನ್ನ ಶರ್ಟು ನೋಡಿಕೊಂಡ. “ಈ ಅವತಾರದಲ್ಲಿ ಎಲ್ಲಿಗೆ ಹೋಗ್ಲಿ?” ಮಾಯಮ್ಮ ಆಗಲೇ ಹಂಡೆಗೆ ಉರಿ ಹಾಕಿದ್ದಳು. ಅವನು ಸ್ನಾನ ಮಾಡಿ, ಚೆಲುವಯ್ಯನ ಪಂಚೆಯನ್ನು ಹೇಗೋ ಸುತ್ತಿಕೊಂಡು, ಹಿತುಕಿದ ಅವರೆಯ ಸಾರಿನಲ್ಲಿ ಮುದ್ದೆ ನುಂಗಿದ. ಮಾಯಮ್ಮ ಅಂದು ಗಂಡನಿಗೂ ದೊಡ್ಡ ಮುದ್ದೆ ಕಟ್ಟಿದ್ದಳು. ತಟ್ಟೆಯಲ್ಲಿ ಒಂದು ತುಣುಕೂ ಉಳಿಯಲಿಲ್ಲ. ಒಗೆದ ಶರ್ಟು ಒಣಗುವವರೆಗೆ ಎಂದು ನಂಜುಂಡಯ್ಯ ಅಲ್ಲೇ ಉಳಿದ. ಆ ಚಳಿಗೆ ಶರ್ಟು ಅಂದು ಒಣಗಲೇ ಇಲ್ಲ.

ಬೆಳಗ್ಗೆ ಇಬ್ಬನಿ ಬಿದ್ದಿತ್ತು. ಚೆಲುವಯ್ಯ ಒರೆಸುವ ಬಟ್ಟೆ ಹಿಡಿದು ಹಿತ್ತಲಿಗೆ ಹೋದರೆ, ನಂಜುಂಡಯ್ಯ ಆಗಲೇ ಅಲ್ಲಿ ಟವೆಲಿನಲ್ಲಿ ಸ್ಪ್ರಿಂಗು ಒರೆಸುತ್ತಿದ್ದ.

“ತುಕ್ಕು ಹಿಡೀಬಾರ್ದಲ್ಲ ಬೀಗ್ರೇ,” ಎಂದ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ.

“ಹಿಡೀಬಾರ್ದು,” ಎಂದ ಚೆಲುವಯ್ಯ.

ಇಬ್ಬರೂ ಒರೆಸಿದರು. ಮನೆಯೊಳಗೆ ಯಾರೂ ಎದ್ದ ಸದ್ದಿರಲಿಲ್ಲ. ನಂಜುಂಡಯ್ಯ ಬಾಗಿಲ ಕಡೆ ನೋಡಿದ, ಗೋಡೆಯಾಚೆ ನೋಡಿದ, ದನಿ ತಗ್ಗಿಸಿದ.

“ಬೀಗ್ರೇ. ಬಟ್ಟೆ ಗಟ್ಟಿ ಐತೋ ಇಲ್ವೋ, ಮಗಾ ಏಳೋಕ್ಮುಂಚೆ ಒಸಿ ನೋಡ್ಬುಡಣ್ವಾ?”

ಚೆಲುವಯ್ಯ ಉತ್ತರ ಕೊಡುವ ಮೊದಲೇ ಮೇಲೆ ಎಲೆಗಳು ಅಲುಗಿದವು. ಹುಣಸೆ ಮರದ ತುಂಬ ಕೋತಿಗಳು. ಗಡವ ಕೆಳಗಿನ ಕೊಂಬೆಯಲ್ಲಿ ಕೂತು, ತೊಡೆ ಕೆರೆದುಕೊಳ್ಳುತ್ತ, ತಮ್ಮ ಸರದಿ ಯಾವಾಗ ಎಂದು ಇಬ್ಬರು ಬೀಗರನ್ನೂ ನೋಡುತ್ತಿತ್ತು.

“ಬೇಗ ಹತ್ತಿ ಬೀಗ್ರೇ,” ಎಂದ ಚೆಲುವಯ್ಯ, ಪಂಚೆ ಎತ್ತಿ ಕಟ್ಟುತ್ತ. “ಅವು ಬಂದ್ರೆ ನಮಗೆ ಬುಡಲ್ಲ.”